ಪತ್ತನಾಜೆಯಿಂದ ದೀಪಾವಳಿಯವರೆಗೆ ನಿಂತ ಕಾರಿನ ಬ್ಯಾಟರಿ ಕಾಯುವುದು

ನಾಗರ ಪಂಚಮಿಯ ಬೆಳಿಗ್ಗೆ ಆರೂಕಾಲಕ್ಕೆ ಕಾರಿನ ಕೀಲಿ ತಿರುಗಿಸಿದೆ. ‘ಟಿಕ್’ ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ ‘ಟಿಕ್’. ಡಿಕ್ಕಿಯಲ್ಲಿ ಹನ್ನೆರಡು ಸೀಯಾಳ, ಎರಡು ಕಟ್ಟು ಕೇದಗೆ, ಒಂದು ಹಿಂಗಾರ. ಹಿಂದಿನ ಸೀಟಿನಲ್ಲಿ ಹಾಲಿನ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ಅತ್ತಿಗೆ. ಬಾರಕೂರಿನ ಆಚೆ ಇರುವ ನಮ್ಮ ಮೂಲ ನಾಗಬನದಲ್ಲಿ ಏಳೂವರೆಗೆ ನಾಗನಿಗೆ ತನು, ಅಂದರೆ ಹಾಲು ಸೀಯಾಳ, ಎರೆಯಬೇಕು. ಹೊರಗೆ ತುಳುವರ ಆಟಿ ತಿಂಗಳ ಮಳೆ ಸುರಿಯುತ್ತಿದೆ.

“ಮುಂದೆ ದೀಪವೆಲ್ಲ ಉರಿಯುತ್ತಾ ಉಂಟಲ್ಲ, ಮತ್ತೆ ಯಾಕೆ ಸ್ಟಾರ್ಟ್ ಆಗುವುದಿಲ್ಲ?” ಎಂದು ಅತ್ತಿಗೆ ಕೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದ ಮನೆಯ ರಿಕ್ಷಾದವರು ಕೊಡೆ ಹಿಡಿದು ಬಂದು ಕಾರಿಗೆ ಒಂದು ಸುತ್ತು ಹಾಕಿದರು. “ಅಕ್ಕಾ, ನಿಮ್ಮ ಡಿಕ್ಕಿ ಪೂರ್ತಿ ಮುಚ್ಚಿಲ್ಲ, ಒಳಗಿನ ದೀಪ ರಾತ್ರಿಯಿಡೀ ಉರಿದಿದೆ” ಎಂದರು. ಕೆಂಪಗೆ ಕಂದಿದ ಆ ಪುಟ್ಟ ಬಲ್ಬು ಸೀಯಾಳಗಳ ಮೇಲೆ ಇನ್ನೂ ಮಿಣುಕುತ್ತಿತ್ತು. ಒಂದು ಸೀಯಾಳದ ತೊಟ್ಟು ಡಿಕ್ಕಿಯ ಬಾಗಿಲಿಗೆ ಅರ್ಧ ಇಂಚು ಅಡ್ಡ ನಿಂತಿತ್ತು. ನಾವು ರಿಕ್ಷಾದಲ್ಲಿಯೇ ಹೋದೆವು. ನಾಗನಿಗೆ ತನು ತಪ್ಪಲಿಲ್ಲ, ನನಗೆ ಮಾತ್ರ ದಾರಿಯುದ್ದಕ್ಕೂ ಅತ್ತಿಗೆಯ ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು.

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕುಳಿತವಳು ನಾನು. ಸಂಜೆ ಲೆಕ್ಕ ಕೂಡಿಬರದಿದ್ದರೆ ಮನೆಗೆ ಹೋಗುವ ಹಾಗಿರಲಿಲ್ಲ. ಅದೇ ಚಾಳಿಯಲ್ಲಿ ಬ್ಯಾಟರಿಯ ಲೆಕ್ಕವನ್ನೂ ತೆಗೆದೆ. ಡ್ಯಾಶ್‌ಬೋರ್ಡಿನ ದೀಪ ಉರಿಯಲು ಒಂದೆರಡು ಆಂಪಿಯರ್ ಕರೆಂಟ್ ಸಾಕು. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರಿಗೆ ಒಮ್ಮೆಲೇ ನೂರು, ನೂರೈವತ್ತು ಆಂಪಿಯರ್ ಬೇಕು. ಕಿಸೆಯಲ್ಲಿ ಚಿಲ್ಲರೆ ಇದ್ದರೆ ಚಹಾ ಕುಡಿಯಬಹುದು, ಅದರಲ್ಲಿ ಚಿನ್ನ ಕೊಳ್ಳಲಾಗುವುದಿಲ್ಲವಲ್ಲ. ಅತ್ತಿಗೆಗೆ ಹೀಗೆ ಹೇಳಿದಾಗ ತಕ್ಷಣ ಅರ್ಥವಾಯಿತು.

ನನ್ನ ಕಾರು ವರ್ಷದಲ್ಲಿ ಅರ್ಧ ಕಾಲ ದುಡಿದು ಅರ್ಧ ಕಾಲ ಮಲಗುತ್ತದೆ. ದೀಪಾವಳಿಯ ನಂತರ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಯಿತೆಂದರೆ ವಾರಕ್ಕೆ ಎರಡು ಮೂರು ರಾತ್ರಿ ನಾನು ಮತ್ತು ಅತ್ತಿಗೆ ಆಟಕ್ಕೆ ಹೊರಟೇಬಿಡುತ್ತೇವೆ. ಕೋಟ, ಹೆಬ್ರಿ, ಕಾಪು, ಎಲ್ಲಿ ಚೆಂಡೆಯ ಸದ್ದೋ ಅಲ್ಲಿಗೆ. ಮೇ 24ರ ಸುಮಾರಿಗೆ ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚಿದರೆ ನಮ್ಮ ಕಾರೂ ಗೆಜ್ಜೆ ಬಿಚ್ಚಿದ ಹಾಗೆ. ಪೇಟೆಗೆ ಹೋಗಲು ಉಡುಪಿಯಲ್ಲಿ ಬಸ್ಸಿಗೆ ಬರಗಾಲವಿಲ್ಲ. ಮಳೆಯಲ್ಲಿ ಕಲ್ಸಂಕದ ಸಿಗ್ನಲಿನಲ್ಲಿ ಕಾರು ಹಿಡಿದು ಕಾಯುವುದಕ್ಕಿಂತ ಬಸ್ಸಿನ ಕಿಟಕಿ ವಾಸಿ. ಹಾಗಾಗಿ ಐದಾರು ತಿಂಗಳು ಕಾರು ಅಂಗಳದ ಶೀಟಿನ ಮಾಡಿನ ಕೆಳಗೆ ನಿಂತಿರುತ್ತದೆ.

ನಿಂತ ಕಾರಿಗೆ ಏನು ಮಾಡಬೇಕೆಂದು ಯಾರನ್ನು ಕೇಳಿದರೂ ಒಂದೇ ಉತ್ತರ: “ಅಮ್ಮ, ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ಇಡಿ.” ನಾನೂ ಹಾಗೆಯೇ ಮಾಡುತ್ತಿದ್ದೆ. ನಾಲ್ಕು ದಿನಕ್ಕೊಮ್ಮೆ ಕೀಲಿ ತಿರುಗಿಸಿ, ಎಂಜಿನ್ ಗುರುಗುಟ್ಟುವುದನ್ನು ಕೇಳುತ್ತಾ, ಕಾಫಿ ಮುಗಿಯುವ ಹೊತ್ತಿಗೆ ನಂದಿಸುತ್ತಿದ್ದೆ. ಆ ಬೆಳಿಗ್ಗೆ ನನ್ನನ್ನು ಕೈಬಿಟ್ಟದ್ದು ನಿಜವಾಗಿ ಈ ಐದು ನಿಮಿಷ. ಡಿಕ್ಕಿಯ ದೀಪ ಕೊನೆಯ ಪೈಸೆಯನ್ನು ಎತ್ತಿಕೊಂಡಿತು, ಅಷ್ಟೇ.

ಲೆಕ್ಕ ನೋಡಿ. ನನ್ನ ಬ್ಯಾಟರಿಯ ಮೇಲೆ 35 ಎಎಚ್ ಎಂದು ಬರೆದಿದೆ. ಅಂದರೆ 35 ಆಂಪಿಯರ್-ಅವರ್, ಅದೇ ಒಟ್ಟು ಠೇವಣಿ. ಕಾರು ಬೀಗ ಹಾಕಿ ನಿಂತಿದ್ದರೂ ಅದರ ಗಡಿಯಾರ, ಬೀಗದ ರಿಮೋಟಿಗೆ ಕಿವಿಗೊಟ್ಟು ಕೂತ ಯಂತ್ರ, ಎಂಜಿನ್ನಿನ ಕಂಪ್ಯೂಟರಿನ ನೆನಪು ಇವೆಲ್ಲ ಸದಾ ಚೂರುಚೂರು ಕರೆಂಟ್ ಕುಡಿಯುತ್ತಿರುತ್ತವೆ. ಸಾಮಾನ್ಯ ಕಾರುಗಳಲ್ಲಿ ಇದು 20ರಿಂದ 50 ಮಿಲಿ ಆಂಪಿಯರ್. ನನ್ನದರಲ್ಲಿ ಅಳೆದಾಗ 25 ಬಂತು. ದಿನಕ್ಕೆ 0.6 ಆಂಪಿಯರ್-ಅವರ್, ನಾಲ್ಕು ದಿನಕ್ಕೆ 2.4. ಇನ್ನು ಸ್ಟಾರ್ಟ್ ಮಾಡುವ ಖರ್ಚು. ಅದು ದೊಡ್ಡದೆಂದು ಎಲ್ಲರೂ ತಿಳಿದಿರುತ್ತಾರೆ, ಆದರೆ ನೂರೈವತ್ತು ಆಂಪಿಯರ್ ಎರಡೇ ಸೆಕೆಂಡು ಹರಿದರೆ ಆಗುವುದು 0.08, ಒಂದರ ಹತ್ತನೇ ಪಾಲೂ ಇಲ್ಲ. ಐದು ನಿಮಿಷ ಎಂಜಿನ್ ಸುಮ್ಮನೆ ತಿರುಗಿದರೆ ಆಲ್ಟರ್‌ನೇಟರ್, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಡೈನಮೋ, ಹೆಚ್ಚೆಂದರೆ ಹತ್ತು ಆಂಪಿಯರಿನಂತೆ ತುಂಬಿತೆನ್ನಿ. ಜಮೆ 0.8. ಖರ್ಚು 2.5, ಜಮೆ 0.8. ಪ್ರತಿ ನಾಲ್ಕು ದಿನಕ್ಕೆ 1.7 ಕೊರತೆ. ಪತ್ತನಾಜೆಯಿಂದ ಆಟಿಯ ತನಕ ಅಂಥ ಹದಿಮೂರು ಹದಿನಾಲ್ಕು ಸುತ್ತು ಕಳೆದರೆ ಇಪ್ಪತ್ತೆರಡಕ್ಕೂ ಮೇಲೆ ಹೋಯಿತು. ಉಳಿದ ಹನ್ನೆರಡರಲ್ಲಿ ಐದು ವ್ಯಾಟಿನ ಡಿಕ್ಕಿ ದೀಪ ಹತ್ತು ಗಂಟೆಯಲ್ಲಿ ನಾಲ್ಕನ್ನು ತಿಂದಿತು. ಮೂರು ವರ್ಷ ಹಳೆಯ ಬ್ಯಾಟರಿ ‘ಟಿಕ್’ ಎನ್ನದೆ ಇನ್ನೇನು ಹೇಳೀತು?

ಐದು ನಿಮಿಷದ ಕಟ್ಟಳೆಯಿಂದ ಇನ್ನೊಂದು ಕೇಡೂ ಇದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಂದಿಸಿದರೆ ಸುಟ್ಟ ಪೆಟ್ರೋಲಿನ ನೀರಾವಿ ಸೈಲೆನ್ಸರಿನೊಳಗೇ ತಣಿದು ನೀರಾಗಿ ನಿಲ್ಲುತ್ತದೆ. ನಮ್ಮ ಕರಾವಳಿಯ ಗಾಳಿಗೆ ಮೊದಲೇ ಕಬ್ಬಿಣ ತಿನ್ನುವ ಹಸಿವು. ಅದಕ್ಕೆ ಒಳಗಿನಿಂದಲೂ ಬಡಿಸಿದ ಹಾಗಾಗುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಒಂದು ಮಲ್ಟಿಮೀಟರ್ ಕೊಳ್ಳಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಹಳದಿ ಪೆಟ್ಟಿಗೆ. ನಾನು ತಂದದ್ದು ನಾನೂರು ರೂಪಾಯಿ ಚಿಲ್ಲರೆಗೆ. ಮುಳ್ಳನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಮುಟ್ಟಿಸಿದರೆ ಮುಗಿಯಿತು. ಸೀಸ-ಆಮ್ಲದ ಬ್ಯಾಟರಿಯಲ್ಲಿ ಆರು ಕೋಣೆಗಳು, ಒಂದೊಂದೂ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಆದ್ದರಿಂದ ತುಂಬಿದ ಬ್ಯಾಟರಿ 12.6 ಅಥವಾ 12.7 ತೋರಿಸುತ್ತದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳಿ. “ಹನ್ನೆರಡು ವೋಲ್ಟಿನ ಬ್ಯಾಟರಿ, ಹನ್ನೆರಡು ತೋರಿಸುತ್ತಿದೆ, ಸರಿಯಾಗಿದೆ” ಎಂದು ನಂಬಿ ಮೋಸಹೋದವರು ಎಷ್ಟೋ ಮಂದಿ.

ಅಳೆಯುವುದಕ್ಕೆ ಹೊತ್ತೂ ಇದೆ. ಕಾರು ಓಡಿಸಿ ಬಂದು ತಕ್ಷಣ ಅಳೆದರೆ ಮೀಟರ್ ಮುಖಸ್ತುತಿ ಮಾಡುತ್ತದೆ, 12.9 ಎಂದೂ ತೋರಿಸುತ್ತದೆ. ನಾನು ಅಳೆಯುವುದು ಮರುದಿನ ಬೆಳಿಗ್ಗೆ, ಹೂ ಕೊಯ್ಯಲು ಅಂಗಳಕ್ಕೆ ಇಳಿದಾಗ. ಬಾನೆಟ್ ಎತ್ತಿ, ಬಾಗಿಲು ಮುಚ್ಚಿ, ಒಳಗಿನ ದೀಪ ಆರಿದ ಮೇಲೆ. ಹಳೆಯ ಲೆಡ್ಜರಿನ ಕೊನೆಯ ಹಾಳೆಯಲ್ಲಿ ತಾರೀಕು ಹಾಕಿ ಬರೆದಿಡುತ್ತೇನೆ: ಜೂನ್ 1, 12.64. ಜೂನ್ 11, 12.49. ಜೂನ್ 12, ಕಾಪುವಿಗೆ ಹೋಗಿ ಬಂದ ಮರುದಿನ, 12.60. ಒಂದು ಅಂಕಿಗಿಂತ ಅಂಕಿಗಳ ಸಾಲು ಹೆಚ್ಚು ಮಾತಾಡುತ್ತದೆ. ಹತ್ತು ದಿನಕ್ಕೆ ಹದಿನೈದು ಪಾಯಿಂಟ್ ಇಳಿಯುತ್ತಿದ್ದದ್ದು ಒಮ್ಮೆ ಮೂವತ್ತು ಇಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಬ್ಯಾಟರಿಗೆ ವಯಸ್ಸಾಗಿದೆ. ನನ್ನ ಮಟ್ಟಿಗೆ 12.4 ಗೆರೆ. ಅದರ ಕೆಳಗೆ ಇಳಿಯಲು ಬಿಡುವುದಿಲ್ಲ. ಅರೆಖಾಲಿಯಾಗಿ ವಾರಗಟ್ಟಲೆ ನಿಂತರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟಿನ ಹರಳುಗಳು ಗಟ್ಟಿಯಾಗುತ್ತವೆ. ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಕಲ್ಲಾದ ಹಾಗೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಭಾಗ ಮರಳಿ ಕೆಲಸಕ್ಕೆ ಬರುವುದಿಲ್ಲ.

ಓಡಿಸುವುದಾದರೆ ನಿಜವಾಗಿ ಓಡಿಸಿ. ಹತ್ತು ದಿನಕ್ಕೊಮ್ಮೆ ನಾನು ಕರಾವಳಿ ಜಂಕ್ಷನ್ನಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿದು, ಕಟಪಾಡಿ ದಾಟಿ ಕಾಪುವಿನವರೆಗೆ ಹೋಗಿ ತಿರುಗಿ ಬರುತ್ತೇನೆ. ಎರಡೂ ಕಡೆ ಸೇರಿ ಇಪ್ಪತ್ತೈದು ಕಿಲೋಮೀಟರ್, ನಲವತ್ತು ನಿಮಿಷ. ಪೇಟೆಯೊಳಗೆ ನಲವತ್ತು ನಿಮಿಷ ತೆವಳಿದರೆ ಅದೇ ಫಲ ಸಿಗುವುದಿಲ್ಲ, ಏಕೆಂದರೆ ಎಂಜಿನ್ ನಿಧಾನ ತಿರುಗುವಾಗ ಡೈನಮೋ ಕೊಡುವುದೂ ಕಡಿಮೆ. ಹಗಲು ಹೊತ್ತು ಒಳ್ಳೆಯದು. ಹೆಡ್‌ಲೈಟುಗಳೇ ಒಂಬತ್ತು ಹತ್ತು ಆಂಪಿಯರ್ ಎಳೆಯುತ್ತವೆ. ಎಸಿಯ ಫ್ಯಾನು, ವೈಪರು, ಹಿಂದಿನ ಗಾಜಿನ ಮಂಜು ಕಳೆಯುವ ತಂತಿ ಸೇರಿದರೆ ಇನ್ನಷ್ಟು. ಮಳೆಯಲ್ಲಿ ವೈಪರ್ ಬಿಡಲಾಗುವುದಿಲ್ಲ, ಬೆಳಕೂ ಬೇಕು. ಅದನ್ನು ಉಳಿಸಲು ಹೋಗಿ ಲಾರಿಯ ಕೆಳಗೆ ಸೇರುವುದು ಬೇಡ. ಹೆದ್ದಾರಿಯ ವೇಗದಲ್ಲಿ ಡೈನಮೋ ಇದೆಲ್ಲವನ್ನೂ ಸಾಗಿಸಿ ಬ್ಯಾಟರಿಗೂ ಒಂದು ಪಾಲು ಇಡುತ್ತದೆ. ಬರುವಾಗ ಶಂಕರಪುರದ ಕಡೆ ತಿರುಗಿ ಒಂದು ಚೆಂಡು ಮಲ್ಲಿಗೆ ತರುವುದು ನನ್ನ ಚಟ. ಹೂ ಕೊಳ್ಳುವಾಗ ಎಂಜಿನ್ ನಂದಿಸಿದರೂ ತೊಂದರೆಯಿಲ್ಲ, ಸ್ಟಾರ್ಟ್ ಮಾಡುವ ಖರ್ಚು ಎಷ್ಟೆಂದು ಮೇಲೆಯೇ ನೋಡಿದೆವಲ್ಲ.

ಡೈನಮೋ ಸರಿಯಾಗಿ ತುಂಬುತ್ತಿದೆಯೇ ಎಂದು ಅದೇ ಮೀಟರಿನಲ್ಲಿ ನೋಡಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.4ರ ನಡುವೆ ತೋರಿಸಬೇಕು. ಹದಿಮೂರರ ಆಸುಪಾಸಿನಲ್ಲೇ ನಿಂತರೆ ಬೆಲ್ಟೋ ಡೈನಮೋವೋ ನೋಡಿಸಿ. ಹದಿನೈದರ ಕಡೆಗೆ ಏರಿದರೆ ಅದೂ ರೋಗವೇ, ಬ್ಯಾಟರಿ ಕುದಿದು ನೀರು ಕಳೆದುಕೊಳ್ಳುತ್ತದೆ. ಬಾಗಿ ನೋಡುವಾಗ ಸೆರಗು, ಜಡೆ, ದುಪಟ್ಟಾ ಬೆಲ್ಟಿನ ಹತ್ತಿರ ಸುಳಿಯದಂತೆ ಸಿಕ್ಕಿಸಿಕೊಳ್ಳಿ.

ಆದರೂ ಓಡಿಸುವುದರಿಂದ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಎಂಬತ್ತು ಭಾಗದವರೆಗೆ ಬ್ಯಾಟರಿ ಗಟಗಟ ಕುಡಿಯುತ್ತದೆ, ಕೊನೆಯ ಇಪ್ಪತ್ತನ್ನು ಮಾತ್ರ ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರುತ್ತದೆ. ಅಷ್ಟು ಹೊತ್ತು ಕಾರು ಓಡಿಸುವುದಾದರೆ ಗೋಕರ್ಣಕ್ಕೇ ಹೋಗಬೇಕು. ಅದಕ್ಕೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಚಾರ್ಜರ್ ಇದೆ. ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ವಸ್ತು ಇದೇ. ತಾನೇ ಅಳೆದು ತುಂಬಿ, ತುಂಬಿದ ಮೇಲೆ ಕರೆಂಟ್ ತಗ್ಗಿಸಿ 13.5ರ ಸುಮಾರಿಗೆ ಕಾಯ್ದುಕೊಳ್ಳುವ ಸ್ವಯಂಚಾಲಿತ ಚಾರ್ಜರನ್ನೇ ಕೊಳ್ಳಿ. ಬ್ಯಾಟರಿಯ ಎಎಚ್ ಸಂಖ್ಯೆಯ ಹತ್ತನೇ ಒಂದು ಭಾಗದಷ್ಟು ಆಂಪಿಯರ್ ಇದ್ದರೆ ಸಾಕು. ನನ್ನ 35ಕ್ಕೆ ನಾಲ್ಕು ಆಂಪಿಯರಿನದು. ಎರಡೂವರೆ ಸಾವಿರ ಕೊಟ್ಟೆ. ಬ್ಯಾಟರಿ ಅಂಗಡಿಗಳಲ್ಲಿ ಕಾಣುವ ಹಳೆಯ ಕಾಲದ ದೊಡ್ಡ ಡಬ್ಬದ ಚಾರ್ಜರ್ ಮನೆಗೆ ಬೇಡ. ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ, ನೀವು ನಿದ್ದೆ ಹೋದರೆ ಅದು ಬೆಳಗಿನವರೆಗೆ ಬೇಯಿಸುತ್ತಲೇ ಇರುತ್ತದೆ.

ಮಳೆಗಾಲದಲ್ಲಿ ತಿಂಗಳಿಗೊಂದು ರಾತ್ರಿ ನಾನು ಹೀಗೆ ಮಾಡುತ್ತೇನೆ. ಗೋಡೆಯ ಸ್ವಿಚ್ ಆಫ್ ಇರುವಾಗಲೇ ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ಸಿಗೆ ಕಚ್ಚಿಸುತ್ತೇನೆ. ಕಪ್ಪನ್ನು ಎಂಜಿನ್ನಿನ ಬಣ್ಣ ಬಳಿಯದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಆಮೇಲೆ ಸ್ವಿಚ್. ಬೆಳಿಗ್ಗೆ ಮೊದಲು ಸ್ವಿಚ್ ಆಫ್, ನಂತರ ಕಪ್ಪು, ಕೊನೆಗೆ ಕೆಂಪು. ಈ ಕ್ರಮ ಮಡಿಗಾಗಿ ಅಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಕ್ಲಿಪ್ಪಿನ ಒಂದು ಕಿಡಿ ಅದಕ್ಕೆ ಸಾಕು. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹತ್ತಿರ ಬೀಡಿ ಬೆಂಕಿ ಬೇಡ. ಆಯುಧ ಪೂಜೆಯ ದಿನ ಬಾನೆಟ್ ತೆರೆದು ಒಳಗೆಲ್ಲ ಆರತಿ ಬೆಳಗುವ ಭಕ್ತರಿದ್ದಾರೆ. ಚಾರ್ಜರನ್ನು ಹಿಂದಿನ ರಾತ್ರಿಯೇ ತೆಗೆದಿಟ್ಟಿರಲಿ. ಅಂಗಳದ ಪ್ಲಗ್ಗಿಗೆ ಮಳೆ ಹನಿ ತಾಗದಂತೆ ನೋಡಿಕೊಳ್ಳಿ. ಮೆಸ್ಕಾಂ ಕರೆಂಟ್ ನಡುರಾತ್ರಿ ಹೋಗಿ ಬಂದರೆ ನನ್ನ ಚಾರ್ಜರ್ ಮತ್ತೆ ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ, ಇದು ತಿಳಿಯಲು ಎರಡು ರಾತ್ರಿ ವ್ಯರ್ಥವಾಯಿತು. ಖರ್ಚಿನ ಚಿಂತೆ ಬೇಡ, ಪೂರ್ತಿ ಖಾಲಿಯಾದ 35 ಎಎಚ್ ಬ್ಯಾಟರಿ ತುಂಬಲು ಅರ್ಧ ಯೂನಿಟ್ಟಿನ ಆಸುಪಾಸು. ಸೌರಫಲಕದ ಪುಟ್ಟ ಚಾರ್ಜರುಗಳೂ ಬರುತ್ತವೆ. ಜುಲೈ ತಿಂಗಳ ಉಡುಪಿಯಲ್ಲಿ ಸೂರ್ಯನನ್ನು ನಂಬಿ ಕೂರುವ ಧೈರ್ಯ ನನಗಿಲ್ಲ.

ಮುಂಬೈ ಪಕ್ಕದ ಠಾಣೆಯಲ್ಲಿರುವ ಮಗಳ ಮನೆಗೆ ಹೋದರೆ ನಾನು ಆರು ವಾರ ಹಿಂದಿರುಗುವುದಿಲ್ಲ. ಆಗ ಮೈನಸ್ ಟರ್ಮಿನಲ್ ಬಿಚ್ಚಿಟ್ಟು ಹೋಗುತ್ತೇನೆ. ಹತ್ತು ನಂಬರಿನ ಸ್ಪ್ಯಾನರ್ ಒಂದಿದ್ದರೆ ಎರಡು ನಿಮಿಷದ ಕೆಲಸ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಇಡೀ ಮೈ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರಿನ ಇನ್ನೊಂದು ತುದಿ ಬಾನೆಟ್ಟಿನ ಅಂಚಿಗೆ ತಾಗಿದರೆ ವೆಲ್ಡಿಂಗ್ ಅಂಗಡಿಯ ಬೆಳಕು ನಿಮ್ಮ ಅಂಗಳದಲ್ಲೇ ಕಾಣುತ್ತದೆ. ಕೈಯಲ್ಲಿ ಬಳೆ ಉಂಗುರವಿದ್ದರೆ ತೆಗೆದಿಡಿ. ಬಿಚ್ಚಿದ ತಂತಿಯ ತಲೆಗೆ ಹಳೆ ಬಟ್ಟೆ ಸುತ್ತಿ ಪಕ್ಕಕ್ಕೆ ಸಿಕ್ಕಿಸಿ. ಕೀಲಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಬೇಡಿ, ರಿಮೋಟ್ ಕೆಲಸ ಮಾಡುವುದಿಲ್ಲ. ಕಳ್ಳರ ಅಲಾರಂ ಕೂಡ ಕೂಗುವುದಿಲ್ಲವಾದ್ದರಿಂದ ರಸ್ತೆ ಬದಿಯಲ್ಲಿ ನಿಲ್ಲಿಸುವವರು ಯೋಚಿಸಿ. ಬಿಚ್ಚಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ತಿಂಗಳಿಗೆ ಶೇಕಡಾ ಐದರ ಹತ್ತಿರ ಕಳೆದುಕೊಳ್ಳುತ್ತದೆ, ಸೆಕೆಗಾಲದಲ್ಲಿ ಇನ್ನೂ ಹೆಚ್ಚು. ಹೋಗುವ ಮೊದಲು ತುಂಬಿಟ್ಟರೆ ಬಂದಾಗ ಒಂದೇ ಸಲಕ್ಕೆ ಸೆಲ್ಫ್ ಹಿಡಿಯುತ್ತದೆ. ಗಡಿಯಾರ ಸರಿ ಮಾಡಬೇಕು, ರೇಡಿಯೊ ಸ್ಟೇಷನ್ನು ಹುಡುಕಬೇಕು, ಮೊದಲ ಐದು ಹತ್ತು ನಿಮಿಷ ಎಂಜಿನ್ ಸ್ವಲ್ಪ ಏರಿಳಿದು ಓಡಬಹುದು. ಅದೆಲ್ಲ ತಾನಾಗಿ ಸರಿಹೋಗುತ್ತದೆ.

ಸಮುದ್ರದ ಹತ್ತಿರದವರು ಗಮನಿಸಲೇಬೇಕಾದದ್ದು ಟರ್ಮಿನಲ್ಲು. ನಮ್ಮ ಮನೆಯಿಂದ ಮಲ್ಪೆ ಕಡಲು ನಾಲ್ಕು ಕಿಲೋಮೀಟರ್. ಹೊಸ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೂ ಎರಡನೇ ಮಳೆಗಾಲದ ಹೊತ್ತಿಗೆ ಬಿಳಿ-ನೀಲಿ ಬೂಸ್ಟು ಹಿಡಿಯುತ್ತದೆ. ಹಳೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ, ಮುಟ್ಟಿದರೆ ಪುಡಿ. ಅದರಡಿ ತಂತಿ ಬಿಗಿಯಾಗಿಯೇ ಇದೆ ಎನಿಸಿದರೂ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಮೀಟರ್ 12.6 ತೋರಿಸುತ್ತಿದ್ದು ಸ್ಟಾರ್ಟರ್ ಮುಕ್ಕರಿಯುತ್ತಿದ್ದರೆ ಮೊದಲು ಇಲ್ಲಿ ನೋಡಿ. ಎರಡೂ ತಂತಿ ಬಿಚ್ಚಿ, ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹಚ್ಚಿ. ನೀರುದೋಸೆಯ ಹಿಟ್ಟು ಕಾವಲಿಗೆ ಬಿದ್ದ ಹಾಗೆ ಚುರ್ರೆಂದು ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ತಿಕ್ಕಿ, ನೀರಿನಲ್ಲಿ ಒರೆಸಿ, ಒಣಗಿಸಿ, ಸೀಸದ ಕಂಬವನ್ನು ಮರಳುಕಾಗದದಿಂದ ಹೊಳೆಯುವವರೆಗೆ ಉಜ್ಜಿ. ತಂತಿ ಬಿಗಿದ ಮೇಲೆ ಹೊರಗಿನಿಂದ ವ್ಯಾಸ್ಲಿನ್ ಸವರಿ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಸೋಡಾ ಒಳಗೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಲಿ. ಮೊದಲ ಸಲ ಇದನ್ನು ಮಾಡುವಾಗ ನಾನು ಹತ್ತಿಯ ಸೀರೆಯಲ್ಲಿದ್ದೆ. ಅಂದು ಏನೂ ಕಾಣಲಿಲ್ಲ. ಮೂರು ದಿನ ಬಿಟ್ಟು ಒಗೆದು ಹಿಂಡಿದಾಗ ಸೆರಗು ಜರಡಿಯಾಗಿತ್ತು. ಆಮ್ಲದ ಕೆಲಸ ಹಾಗೆ. ಈಗ ಹಳೆಯ ನೈಟಿ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ.

ನೀರು ಹಾಕುವ ಬ್ಯಾಟರಿಗೆ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮಾತ್ರ, ಮೇಲಿನ ಗೆರೆಯವರೆಗೆ ಮಾತ್ರ. ನಮ್ಮ ಬಾವಿಯ ನೀರು ಎಷ್ಟು ತಿಳಿಯಾಗಿದ್ದರೂ ಮುರಕಲ್ಲಿನ ಕಬ್ಬಿಣ ಅದರಲ್ಲಿರುತ್ತದೆ. ಎಸಿಯಿಂದ ತೊಟ್ಟಿಕ್ಕಿದ ನೀರು ಶುದ್ಧ ಎಂದು ತುಂಬುವವರಿದ್ದಾರೆ, ಅದರಲ್ಲಿ ಧೂಳೂ ಲೋಹವೂ ಇರುತ್ತವೆ. ಆಮ್ಲವನ್ನಂತೂ ಎಂದಿಗೂ ಸೇರಿಸಬಾರದು. ಆವಿಯಾಗಿ ಹೋದದ್ದು ನೀರು ಮಾತ್ರ.

ಸೋರಿಕೆ ಎಂದೆನಲ್ಲ. ನಾನು ಕಂಡ ಹಾಗೆ ಹೆಚ್ಚಿನ ಕಳ್ಳರು ನಾವೇ ಕರೆತಂದವರು. ನಿಂತಾಗಲೂ ಕಣ್ಣು ಬಿಟ್ಟಿರುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಆಮೇಲೆ ಹಾಕಿಸಿದ ದೊಡ್ಡ ಸ್ಪೀಕರಿನ ಆಂಪ್ಲಿಫೈಯರ್. ಕೆಲವು ಕಾರುಗಳಲ್ಲಿ ಚಾರ್ಜಿಂಗ್ ತೂತಿಗೆ ಸದಾ ಕರೆಂಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿದ್ದೆಲ್ಲ ಕುಡಿಯುತ್ತದೆ. ಕೀಲಿ ಹಾಕದೆ ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಲಿಯನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ನೇತುಹಾಕಬೇಡಿ, ಕೆಲವು ಕಾರುಗಳು ಅದರ ವಾಸನೆ ಹಿಡಿದು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ. ಸೋರಿಕೆ ಅಳೆಯಬೇಕಾದರೆ ಮೈನಸ್ ತಂತಿ ಬಿಚ್ಚಿ, ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಬ್ಯಾಟರಿಗೂ ತಂತಿಗೂ ನಡುವೆ ಮೀಟರನ್ನು ಸೇರಿಸಬೇಕು. ಬಾಗಿಲು ಮುಚ್ಚಿ ಅರ್ಧ ಗಂಟೆ ಕಾದರೆ ಕಾರಿನ ಕಂಪ್ಯೂಟರುಗಳು ಮಲಗುತ್ತವೆ, ಆಗಿನ ಅಂಕಿಯೇ ನಿಜ. 0.05 ಆಂಪಿಯರಿಗಿಂತ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುವುದು, ಯಾವುದು ಕಿತ್ತಾಗ ಅಂಕಿ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಮೀಟರ್ ಹೀಗೆ ಸಿಕ್ಕಿಸಿರುವಾಗ ಯಾರೂ ಕೀಲಿ ತಿರುಗಿಸಬಾರದು, ತಿರುಗಿಸಿದರೆ ಮೀಟರಿನ ಫ್ಯೂಸ್ ಹಾರುತ್ತದೆ. ನನಗೆ ಇದನ್ನು ಹೇಳಿಕೊಟ್ಟವರು ಒಬ್ಬ ಆಟೋ ಎಲೆಕ್ಟ್ರಿಷಿಯನ್. ಕೈ ನಡುಗುವವರು ಅಂಥವರಿಂದಲೇ ಮಾಡಿಸಿ. ಬಾನೆಟ್ ಎತ್ತಿದಾಗ ಇಲಿಯ ಹಿಕ್ಕೆ ಇದೆಯೇ ಎಂದೂ ನೋಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿ ತಂತಿಯ ಸಿಪ್ಪೆ ಕಡಿದರೆ ಅಲ್ಲೂ ಸೋರಿಕೆ.

ಇಷ್ಟಾಗಿಯೂ ಒಂದು ದಿನ ‘ಟಿಕ್’ ಎಂದರೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಗಿಯರಿನ ಕಾರಾದರೆ ನಮ್ಮೂರಿನ ಇಳಿಜಾರುಗಳೇ ಬಂಧುಗಳು. ಕೀಲಿ ಆನ್ ಇಟ್ಟು, ಕ್ಲಚ್ ಒತ್ತಿ ಎರಡನೇ ಗಿಯರ್ ಹಾಕಿ, ಕಾರು ಉರುಳತೊಡಗಿದ ಮೇಲೆ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿಯುತ್ತದೆ. ಎಂಜಿನ್ ಓಡದಿರುವಾಗ ಬ್ರೇಕೂ ಸ್ಟಿಯರಿಂಗೂ ಕಲ್ಲಿನಂತಿರುತ್ತವೆ ಎಂಬುದು ನೆನಪಿರಲಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇದೂ ನಡೆಯುವುದಿಲ್ಲ, ಆಟೊಮ್ಯಾಟಿಕ್ ಕಾರಿಗೆ ಈ ಉಪಾಯವೇ ಇಲ್ಲ. ಆಗ ಜಂಪರ್ ಕೇಬಲ್. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಒಳ್ಳೆಯದರ ಮೈನಸ್ಸಿಗೆ, ಅದರ ಇನ್ನೊಂದು ತುದಿ ಸತ್ತ ಕಾರಿನ ಎಂಜಿನ್ನಿನ ಲೋಹಕ್ಕೆ. ಒಳ್ಳೆಯ ಕಾರನ್ನು ಐದು ನಿಮಿಷ ಓಡಿಸಿ, ಆಮೇಲೆ ನಿಮ್ಮದನ್ನು ಸ್ಟಾರ್ಟ್ ಮಾಡಿ. ತೆಗೆಯುವುದು ಹಿಂದುಮುಂದು ಕ್ರಮದಲ್ಲಿ. ನೂರಿನ್ನೂರು ರೂಪಾಯಿಯ ನೂಲಿನಂಥ ಕೇಬಲ್ ಕೊಂಡರೆ ಕಾರು ಸ್ಟಾರ್ಟ್ ಆಗುವ ಮೊದಲು ಕೇಬಲ್ ಬಿಸಿಯಾಗುತ್ತದೆ.

ಎಂಜಿನ್ ಸಿಗ್ನಲಿನಲ್ಲಿ ತಾನೇ ನಂದಿ ತಾನೇ ಹೊತ್ತುವ ಹೊಸ ಕಾರುಗಳ ಬ್ಯಾಟರಿ ಬೇರೆ ಜಾತಿ. ಅದರ ಮೇಲೆ ಇಎಫ್‌ಬಿ ಅಥವಾ ಎಜಿಎಂ ಎಂದಿರುತ್ತದೆ, ಚಾರ್ಜರಿನಲ್ಲಿ ಅದಕ್ಕೆ ತಕ್ಕ ಆಯ್ಕೆ ಇರಬೇಕು. ಅಂಥ ಕಾರುಗಳ ಮೈನಸ್ಸಿನ ಮೇಲೆ ಪುಟ್ಟ ಸೆನ್ಸರ್ ಕೂತಿರುತ್ತದೆ, ಆದ್ದರಿಂದ ಕಪ್ಪು ಕ್ಲಿಪ್ ಯಾವಾಗಲೂ ಕಾರಿನ ಲೋಹಕ್ಕೇ. ವಿದ್ಯುತ್ ಕಾರಿನವರು ನಗಬೇಕಾಗಿಲ್ಲ. ಅದರಲ್ಲೂ ಬೀಗ, ಕಂಪ್ಯೂಟರುಗಳಿಗಾಗಿ ಒಂದು 12 ವೋಲ್ಟಿನ ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕಣ್ಣು ತೆರೆಯುವುದಿಲ್ಲ.

ಆ ಪಂಚಮಿಯ ದಿನ ಮಧ್ಯಾಹ್ನ ಬ್ಯಾಟರಿ ನೋಡಲು ಬಂದ ಹುಡುಗ ಮೀಟರನ್ನೂ ಹಚ್ಚದೆ, “ಹೋಗಿದೆ ಅಮ್ಮ, ಹೊಸದು ಹಾಕಿ” ಎಂದ. ಇಳಿದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ನಾನು ಒಪ್ಪದೆ, ಅದನ್ನು ಬಿಚ್ಚಿಸಿ ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿಸಿ, ಮರುದಿನ ಲೋಡ್ ಟೆಸ್ಟ್ ಮಾಡಿಸಿದೆ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟ್ 9.6ಕ್ಕಿಂತ ಕೆಳಗೆ ಕುಸಿಯದಿದ್ದರೆ ಜೀವ ಇದೆ ಎಂದರ್ಥ. ನನ್ನದು 10.1ಕ್ಕೆ ನಿಂತಿತು. ಅದೇ ಬ್ಯಾಟರಿ ಇನ್ನೂ ಎರಡು ತಿರುಗಾಟ ನಮ್ಮನ್ನು ಆಟಕ್ಕೆ ಕರೆದೊಯ್ದಿತು. ಹೊಸದು ಕೊಳ್ಳುವ ದಿನ ಬಂದಾಗ ತಯಾರಾದ ತಿಂಗಳು ನೋಡಿ ಕೊಂಡೆ. ಅಂಗಡಿಯ ಹಲಗೆಯ ಮೇಲೆ ಆರು ತಿಂಗಳು ಕೂತದ್ದು ನನ್ನ ಅಂಗಳದಲ್ಲಿ ಕೂತದ್ದಕ್ಕೆ ಸಮ. ವಾರಂಟಿ ಕಾರ್ಡಿಗೆ ತಾರೀಕು ಮೊಹರು ಹಾಕಿಸಿಕೊಂಡೆ. ಹಳೆಯದನ್ನು ಅಲ್ಲಿಯೇ ಕೊಟ್ಟೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಗುಜರಿಯ ಗೋಣಿಗೆ ಹೋಗುವಂಥದ್ದಲ್ಲ, ಅದರ ಸೀಸ ಮರುಬಳಕೆಗೆ ಹೋಗಬೇಕು. ಬಿಲ್ಲಿನಲ್ಲಿ ಹಳೆಯದರ ಬೆಲೆ ಕಳೆದಿದ್ದಾರೆಯೇ ಎಂದು ನೋಡಿದೆ. ಕಳೆದಿರಲಿಲ್ಲ. ಕೇಳಿದ ಮೇಲೆ ಕಳೆದರು.